ಮುಖವಾಡದ ಒಳಮೈ

ಪ್ಯಾರಿಸ್, ೧೭೭೩

ಜನವರಿ ೧೧, ಸೋಮವಾರ, ಬೆಳಿಗ್ಗೆ

ನಾಲ್ಕು ಗಾಳಿದೇವರುಗಳ ಕೆನ್ನೆ ಇನ್ನೂ ಒಣಗಿಲ್ಲ. ಮುಖವಾಡಗಳನ್ನು ಒಲೆಯ ಪಕ್ಕ ನೇತುಹಾಕಿದ್ದೇನೆ — ಉಬ್ಬಿಸಿಕೊಂಡು ನನ್ನನ್ನೇ ನೋಡುತ್ತಿವೆ. ಜಲದೇವರಿಗೆ ಹಸಿರು ಸಾಲದು ಎಂದು ಅಪ್ಪನ ಗೊಣಗಾಟ. ಕಣ್ಣು ಮಂಜಾದ ಮೇಲೆ ಅವರಿಗೆ ಯಾವ ಬಣ್ಣವೂ ಸಾಲುವುದಿಲ್ಲ.

ರಂಗಮಂದಿರದ ಉಡುಪಿನ ಕೋಣೆಯಿಂದ ಎರಡು ಬುಟ್ಟಿ ಹಳೆಯ ಮುಖವಾಡ ಬಂದಿವೆ, ಹೊಸ ಬಣ್ಣಕ್ಕೆ. ಸೂರ್ಯದೇವನ ಚಿನ್ನದ್ದೂ ಒಂದು ಇದೆ. ಎರಡು ವರ್ಷದ ಹಿಂದೆ ಒಂದೇ ಅಚ್ಚಿನಲ್ಲಿ ಎರಡು ಮಾಡಿದ್ದೆ, ರಂಗಮಂದಿರದ ಮೊದಲ ನರ್ತಕ ವೊಕ್ಲೇರನಿಗೆ. ಅವನ ಹೆಸರು ಬರೆಯುವಾಗ ಈಗಲೂ ಲೇಖನಿ ಕಾಗದ ಚುಚ್ಚುತ್ತದೆ.

ಅದೇ ದಿನ, ಮಧ್ಯಾಹ್ನ

ಆ ಚಿನ್ನದ ಮುಖವಾಡ ತಿರುಗಿಸಿ ನೋಡಿದೆ. ಬಾಯಿಯ ಜಾಗದಲ್ಲಿ ಒಳಗಿನ ತೊಗಲು ಸವೆದು ತೂತಾಗಿದೆ. ನಾಲಿಗೆ ತಳ್ಳಿ ತಳ್ಳಿ. ಕೆಳಗೆ ಹಲ್ಲಿನ ಗುರುತು ಬೇರೆ. ಅಂದರೆ ಕುಣಿಯುವಾಗ ನಾಲಿಗೆ ಚಾಚುತ್ತಾನೆ, ಅಕ್ಷರ ತಿದ್ದುವ ಮಗುವಿನ ಹಾಗೆ. ಊರಿನ ಅರ್ಧ ಹೆಂಗಸರು ಪ್ರಾಣ ಬಿಡುವ ಮೊಸ್ಯೂ ವೊಕ್ಲೇರ್!

ನಕ್ಕೆ. ಏನು ಎಂದು ಅಪ್ಪ ಕೇಳಿದರು. ಮುಖವಾಡವನ್ನು ಬುಟ್ಟಿಯ ತಳಕ್ಕೆ ಸೇರಿಸಿದೆ.

ಜನವರಿ ೧೨, ಸಂಜೆ

ನಿಕೇಸ್ ಬಂದಿದ್ದ. ಮೈಯೆಲ್ಲ ಮೇಣದ ವಾಸನೆ. ನನ್ನ ತಮ್ಮ ಈಗ ದೊಡ್ಡವರ ಮನೆಯ ನೆಲ ಉಜ್ಜುತ್ತಾನೆ — ಕಾಲಿಗೆ ಬ್ರಷ್ ಕಟ್ಟಿಕೊಂಡು, ಜಾರಿ ಜಾರಿ. ಅದೇ ಕಾಲಿಗೆ ಒಂದು ಕಾಲದಲ್ಲಿ ಇಡೀ ಸಭೆ ಎದ್ದು ನಿಂತಿತ್ತು. ವೊಕ್ಲೇರನ ಪಾದ ಉಳುಕಿತ್ತು. ಯಾರಿಗೂ ತಿಳಿಸದೆ ತನ್ನ ಬೆಳ್ಳಿ ಜರಿಯ ಅಂಗಿ, ಗಂಡು ನರ್ತಕರೂ ತೊಡುವ ತಿಮಿಂಗಿಲದ ಮೂಳೆ ಹೆಣೆದ ಅಗಲ ಲಂಗ, ಗರಿಯ ಕಿರೀಟ, ಮುಖವಾಡ ಎಲ್ಲ ಇವನಿಗೆ ತೊಡಿಸಿ ಕಳಿಸಿದ. ಒಂದು ತಿಂಗಳು. ಚಪ್ಪಾಳೆ ವೊಕ್ಲೇರನ ಹೆಸರಿಗೆ. ನಿಕೇಸ್ ಕೇಳಿದ್ದು ಒಂದೇ — ಒಂದು ಸಲ ನನ್ನ ಹೆಸರು ಹೇಳಿ ಎಂದು. ಮರುದಿನವೇ ವೊಕ್ಲೇರನ ದೂರು ಹೋಯಿತು: ಹಿಂದಿನ ಸಾಲಿನಲ್ಲಿ ಕುಣಿಯುವವನೊಬ್ಬ ನನ್ನ ಉಡುಪು ಕದ್ದು ತೊಟ್ಟಿದ್ದಾನೆ. ಕತ್ತು ಹಿಡಿದು ಹೊರಗೆ ದಬ್ಬಿದರು.

"ಬಿಟ್ಬಿಡಕ್ಕ, ನಾನೇ ಮರ್ತಾಯ್ತು" ಎಂದ ಇವತ್ತೂ.

"ನಾನು ಮರ್ತಿಲ್ಲ."

"ನೀನು ಯಾವಾಗ್ಲೂ ಹೀಗೇ. ಒಂದು ಸೂಜಿ ಕಳೆದ್ರೆ ವರ್ಷಗಟ್ಟಲೆ ಹುಡುಕ್ತೀಯ."

ಹುಡುಕುತ್ತೇನೆ, ಸಿಗುವ ತನಕ. ವೊಕ್ಲೇರ್ ಸಭೆಯ ಮುಂದೆ ನಗೆಪಾಟಲಾಗಬೇಕು. ಅವನು ನಿಂತ ಜಾಗದಲ್ಲಿ ನಿಕೇಸ್ ನಿಲ್ಲಬೇಕು. 

ಜನವರಿ ೧೯, ಮಧ್ಯಾಹ್ನ

ವೊಕ್ಲೇರನ ಮುಖವಾಡದ ಅಳತೆಗೆ ರಂಗಮಂದಿರಕ್ಕೆ ಹೋಗಿದ್ದೆ. ಹೊಸ ನೃತ್ಯಗುರು ರಿಗೋ ಅಲ್ಲೇ ಇದ್ದ. ಹೊಸದು ಮಾಡಬೇಕು ಎಂಬ ಹುಚ್ಚಿನವನು. ಒಳ್ಳೆಯ ಹುಚ್ಚು.

"ಪಾಪ, ನೋಡೋಕೆ ಬರೋ ಜನ" ಎಂದೆ, ವೊಕ್ಲೇರನ ಕಿವಿಯ ಹಿಂದೆ ದಾರ ಬಿಗಿಯುತ್ತ. "ಮೊಸ್ಯೂ ಹತ್ರ ಇಂಥ ರೂಪ ಇದೆ. ನಾವು ತೋರ್ಸೋದು ಅಂಟು ಹಚ್ಚಿದ ಕಾಗದ."

ರಿಗೋ ತಿರುಗಿದ. "ಮುಖವಾಡ ಮಾಡೋಳು ನೀನು. ನೀನೇ ಹೀಗಂತೀಯಾ?"

"ಮಾಡೋಳಿಗೇ ಗೊತ್ತಾಗೋದು. ಇದು ಅಳಲ್ಲ, ನಗಲ್ಲ."

ವೊಕ್ಲೇರ್ ಕನ್ನಡಿಯತ್ತ ವಾಲಿದ. ಗಲ್ಲ ಎತ್ತಿ ಬಲಗಡೆ ನೋಡಿಕೊಂಡ, ಎಡಗಡೆ ನೋಡಿಕೊಂಡ. "ಯೋಚ್ನೆ ಮಾಡ್ಬೋದು" ಎಂದ.

ಬಿದ್ದ. ಮನೆಗೆ ಬರುವಾಗ ಮಂಜಿನಲ್ಲೂ ಚಳಿ ಗೊತ್ತಾಗಲಿಲ್ಲ.

ಜನವರಿ ೨೪

ಅಪ್ಪನಿಗೆ ಯಾರೋ ಹೇಳಿದ್ದಾರೆ. "ಮುಖವಾಡ ಬೇಡ ಅಂತ ನೀನೇ ಊದಿ ಬಂದ್ಯಂತೆ. ನಾಳೆ ಏನ್ ತಿಂತೀಯ, ಅಂಟಾ?"

"ಒಬ್ಬ ತೆಗೆದ್ರೆ ಅಂಗಡಿ ಮುಚ್ಚಲ್ಲ ಅಪ್ಪ."

"ಒಬ್ಬ ತೆಗೆದ್ರೆ ಎಲ್ಲಾ ತೆಗೀತಾರೆ. ಈ ಊರು ನಿಂಗೊತ್ತಿಲ್ಲ."

 ವೊಕ್ಲೇರ್ ಬರಿ ಮುಖದಲ್ಲಿ ಕುಣಿಯುವ ಶುಕ್ರವಾರಕ್ಕೆ ಇನ್ನು ಐದು ದಿನ.

ಜನವರಿ ೨೯, ಶುಕ್ರವಾರ, ಸಂಜೆ

ಈಗ ತಾನೇ ಬಂದೆ. 

ನಾಲಿಗೆ ಎಲ್ಲಿ? ಹಲ್ಲು ಎಲ್ಲಿ? ಅವನ ತುಟಿ ಎಳ್ಳಷ್ಟೂ ಅಲುಗಲಿಲ್ಲ. ಸೂರ್ಯದೇವನ ಪ್ರೇಯಸಿ ಸಾಯುವ ಜಾಗದಲ್ಲಿ ಕಣ್ಣಿಂದ ನೀರು ಇಳಿಯಿತು, ನಿಜವಾದ ನೀರು. ಮೇಲಿನ ಮಹಡಿಯ ಹೆಂಗಸರು ಬಿಕ್ಕಿದರು. ಮೂರು ಸಲ ಕರೆದರು ಅವನನ್ನು. ರಿಗೋ ಪರದೆಯ ಹಿಂದೆ ಕುಣಿದಾಡಿದ. ಹೋಗುತ್ತ ವೊಕ್ಲೇರ್ ನನ್ನ ಕೆನ್ನೆ ತಟ್ಟಿದ — ನಾಯಿಗೆ ತಟ್ಟುವಂತೆ.

 ಅವನನ್ನು ನಾನೇ ಹೆಗಲ ಮೇಲೆ ಹೊತ್ತು ಮೆರೆಸಿದ ಹಾಗಾಯಿತು. ಆ ತೂತು ನಾನು ಕಣ್ಣಾರೆ ಕಂಡದ್ದಲ್ಲವೇ... ಹೇಗೆ?

ಫೆಬ್ರವರಿ ೬, ಶನಿವಾರ

ಒಂದು ವಾರ ಬರೆಯಲಿಲ್ಲ.

ಗಾಳಿದೇವರುಗಳು ವಾಪಸ್ಸು ಬಂದರು, ನಾಲ್ಕೂ. ಜಲದೇವರೂ. ಇನ್ನು ಮುಂದೆ ಎಲ್ಲರೂ ಬರಿ ಮುಖದಲ್ಲೇ ಕುಣಿಯಬೇಕಂತೆ. ಅಪ್ಪ ಅಂಟಿನ ಪಾತ್ರೆ ತೊಳೆದು ಬೋರಲು ಹಾಕಿದರು. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ನಿಕೇಸ್ ಓಡಿ ಬಂದ, ಒಂದು ಕಾಲಿಗೆ ಬ್ರಷ್ ಇನ್ನೂ ಹಾಗೇ ಇತ್ತು. ಹದಿನಾಲ್ಕನೇ ತಾರೀಕು ಭಾನುವಾರ ಸೂರ್ಯದೇವ ಇವನೇ! ವೊಕ್ಲೇರ್ ಅರಮನೆಗೆ ಕುಣಿಯಲು ಹೋಗುತ್ತಾನೆ. ತನ್ನ ಬದಲು ನಿಕೇಸ್ ಇರಲಿ ಎಂದು ಅವನೇ ರಿಗೋಗೆ ಹೇಳಿದನಂತೆ. ಹೆಸರು ಹೇಳಿ, ಗೋಡೆಗೆ ಹಚ್ಚುವ ಕಾಗದದಲ್ಲೂ ಹೆಸರು ಬರೆಸಿ.

"ನೋಡಿದ್ಯಾ ಅಕ್ಕ, ನೀನು ಅಂದ್ಕೊಂಡಷ್ಟು ಕೆಟ್ಟವನಲ್ಲ."

ಅಪ್ಪ ಅತ್ತರು. ನಾನೂ. ಆದರೂ ಒಳಗೆ ಏನೋ ಕೊರೆಯುತ್ತಿದೆ. ವೊಕ್ಲೇರ್ ಯಾರಿಗೂ ಪುಕ್ಕಟೆ ನಮಸ್ಕಾರ ಕೂಡ ಮಾಡುವವನಲ್ಲ.

ಫೆಬ್ರವರಿ ೧೩, ಶನಿವಾರ, ಮಧ್ಯಾಹ್ನ

ಉಡುಪಿನ ಕೋಣೆಯಲ್ಲಿ ಬೆಳ್ಳಿ ಅಂಗಿಯನ್ನು ನಿಕೇಸನ ಅಳತೆಗೆ ಹಿಡಿಯುತ್ತಿದ್ದೆ. ವೊಕ್ಲೇರ್ ಬಂದು ಬಾಗಿಲಿಗೆ ಒರಗಿ ನಿಂತ.

"ಬುಟ್ಟೀಲಿ ಬಂತಲ್ಲ ಚಿನ್ನದ ಮುಖವಾಡ, ಬಣ್ಣ ಹಚ್ಚಿದ್ಯಾ?"

"ನಿಮ್ದಲ್ವಾ ಅದು."

"ನಂದು ನನ್ನ ಪೆಟ್ಟಿಗೇಲಿದೆ. ಅದು ನಿನ್ನ ತಮ್ಮ ಹಾಕ್ಕೊಂಡಿದ್ದು. ಇನ್ನೊಬ್ಬನ ಎಂಜಲು ನಾನು ಮುಖಕ್ಕೆ ಹಾಕ್ಕೋತೀನಾ?" ನಶ್ಯ ಏರಿಸಿದ. "ಒಂದೇ ಶಾಲೇಲಿ ಕಲಿತೋರು ನಾವು. ನಾಲಿಗೆ ಒಳಗೆ ಎಳ್ಕೊಳ್ಳೋ ಅಂತ ಗುರುಗಳು ಅವನಿಗೆ ಕೋಲಲ್ಲಿ ಹೊಡೀತಿದ್ರು. ಮುಖವಾಡ ಇತ್ತು, ಬದುಕ್ಕೊಂಡ."

ಸೂಜಿ ಬೆರಳಿಗೆ ಇಳಿದದ್ದು ಆಮೇಲೆ ಗೊತ್ತಾಯಿತು.

"ರಿಗೋ ನೋಡಿರ್ತಾರೆ" ಎಂದೆ.

"ತಾಲೀಮಲ್ಲಿ ಯಾರು ಪೂರ್ತಿ ಕುಣೀತಾರೆ? ಅವನ ತಾಲೀಮು ಮಾಡ್ಸಿದ್ದೂ ನಾನೇ." ಹೊರಟವನು ತಿರುಗಿ ನಿಂತ. "ಅವತ್ತು ನೀನು ಯಾಕೆ ಆ ಮಾತಾಡ್ದೆ ಅಂತ ನಂಗೆ ಅವತ್ತೇ ಗೊತ್ತಾಯ್ತು ಪೆರಿನ್. ಮುಖವಾಡ ತೆಗೆಸಿದ್ದು ನೀನು. ಉಪಕಾರ ಮರೆಯೋನಲ್ಲ ನಾನು."

ಏಳು ವರ್ಷಕ್ಕೇ ನೃತ್ಯಶಾಲೆಗೆ ಹೋದವನು ನಿಕೇಸ್. ಮನೆಯಲ್ಲಿ ಒಂದು ಹೆಜ್ಜೆ ಹಾಕಿದ್ದಿಲ್ಲ. ಅವನು ಕುಣಿದದ್ದನ್ನು ನಾನು ನೋಡಿದ್ದೆಲ್ಲ ರಂಗದ ಮೇಲೆ, ನಾನೇ ಮಾಡಿದ ಮುಖದಲ್ಲಿ.

ಫೆಬ್ರವರಿ ೧೪, ಭಾನುವಾರ, ಬೆಳಿಗ್ಗೆ

ಹೇಳಲು ಹೋದೆ. ನಿಕೇಸ್ ಕ್ಷೌರ ಮಾಡಿಕೊಂಡು ಕೂತಿದ್ದ, ಮದುಮಗನ ಹಾಗೆ.

"ಕುಣಿಯೋವಾಗ ಬಾಯಿ ಮುಚ್ಚಿರ್ಲಿ" ಎಂದೆ.

"ಮುಚ್ಚೇ ಇರುತ್ತಲ್ಲ" ಎಂದ. ಅವನಿಗೇ ಗೊತ್ತಿಲ್ಲ.

ಹೋಗಬೇಡ ಎನ್ನಬೇಕಿತ್ತು. ಎಂದರೆ ಯಾಕೆ ಎನ್ನುತ್ತಾನೆ. ಯಾಕೆ ಎಂದರೆ ನನ್ನ ಹೆಸರೇ ಬರಬೇಕು.  ನಾನು ಹೇಡಿ.

ಅದೇ ದಿನ, ಸಂಜೆ ಏಳು

ಬರೆಯಲೇಬೇಕು.

ಹಳೆಯ ಚಿನ್ನದ ಮುಖವಾಡವನ್ನು ಮೇಲಂಗಿಯ ಕೆಳಗೆ ಬಚ್ಚಿಟ್ಟುಕೊಂಡು ಹೋಗಿದ್ದೆ. ನಿಕೇಸ್ ಪರದೆಯ ಪಕ್ಕ ನಿಂತಿದ್ದ. ಗರಿ, ಬೆಳ್ಳಿ ಜರಿ, ಎಲ್ಲ ಅವನ ಮೈಗೇ ಹುಟ್ಟಿದ ಹಾಗೆ ಕೂತಿದ್ದವು. ಕೊಟ್ಟೆ.

"ಈಗ ಯಾರು ಹಾಕ್ತಾರಕ್ಕ ಇದನ್ನ" ಎಂದು ನಕ್ಕ. "ಇವತ್ತಾದ್ರೂ ನನ್ನ ಮುಖ ನೋಡ್ಲಿ ಬಿಡು."

ಮುಖವಾಡ ನನ್ನ ಕೈಗೇ ವಾಪಸ್ಸು ಇಟ್ಟು ಹೋದ.

ನಾನಿದ್ದ ಕಡೆಯಿಂದ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಕಾಲು — ದೇವರೇ, ಅಂಥ ಕಾಲು. ವೊಕ್ಲೇರ್ ಸಾವಿರ ಜನ್ಮ ಎತ್ತಿದರೂ ಬಾರದು. ಎಂಟು ಹೆಜ್ಜೆ ಹಾಕಿ ಮೊದಲ ಸಲ ಹಾರಿದ.

ಮುಂದಿನ ಸಾಲಿನಲ್ಲಿ ನೀಲಿ ರೇಷ್ಮೆಯವಳೊಬ್ಬಳು ಬೀಸಣಿಗೆ ಬಿಚ್ಚಿ ಬಾಯಿಗೆ ಅಡ್ಡ ಹಿಡಿದಳು. ಆಮೇಲೆ ಪಕ್ಕದವಳು. ಆಮೇಲೆ ಆ ಸಾಲಿನಲ್ಲಿ ಒಂದೊಂದಾಗಿ ಎಲ್ಲ ಬೀಸಣಿಗೆಗಳೂ... ನಿಕೇಸ್ ನನ್ನ ಕಡೆ ತಿರುಗಿದ, ಆಗ ನೋಡಿದೆ ಅವನ ನಾಲಿಗೆ — ತುಟಿಯ ಹೊರಗೆ, ಅಕ್ಷರ ತಿದ್ದುವ ಮಗುವಿನ ಹಾಗೆ.