ನನ್ನ ಪರದೆಯಲ್ಲಿ ಮಾತ್ರ ಕಂಡದ್ದು

ವಾಗೆನಿಂಗನ್, ನೆದರ್‌ಲ್ಯಾಂಡ್ಸ್

ಅಪ್ಪಾಜಿಗೆ ನಮಸ್ಕಾರ.

ಮನೆಯ ಫೋನು ಅವ್ವನ ಕೈಯಲ್ಲೇ ಇರುತ್ತದೆ. ಅದಕ್ಕೇ ಈ ಕಾಗದವನ್ನು ನೀವು ಪಾಠ ಮಾಡುವ ಶಾಲೆಗೆ ಕಳಿಸುತ್ತಿದ್ದೇನೆ.

ಯಾರಿಗೆ ಯಾವ ಮಾಹಿತಿ ತಲುಪಿದರೆ ಎಂಥ ನಿರ್ಧಾರವಾಗುತ್ತದೆ ಎಂದು ಕಲಿಸಲು ಇಲ್ಲಿ ಕಂಪ್ಯೂಟರಿನಲ್ಲಿ ಜ್ಯೂಸ್ ಕಂಪನಿ ನಡೆಸುವ ಆಟ ಆಡಿಸುತ್ತಾರೆ. ಗೋದಾಮಿನಲ್ಲಿ ಕಿತ್ತಳೆ ಮುಗಿಯುತ್ತಿದ್ದುದು ನನ್ನ ಪರದೆಯಲ್ಲಿ ಮಾತ್ರ ಕಾಣುತ್ತಿತ್ತು. ನಮ್ಮ ತಂಡದ ಮುಖ್ಯಸ್ಥರು ವಿಜಯಪುರದ ಶಿವಪ್ರಸಾದಣ್ಣ. ಅವರು ದೊಡ್ಡ ಆರ್ಡರ್ ಒಪ್ಪಿಕೊಂಡೇ ಬಿಟ್ಟರು. ವಯಸ್ಸಿನಲ್ಲಿ ಹಿರಿಯರು, ಡಚ್ ಸಹಪಾಠಿಗಳ ಎದುರು ಹೇಗೆ ತಡೆಯಲಿ? ಸುಮ್ಮನಿದ್ದೆ. ಕಂಪನಿ ಮುಳುಗಿತು.

"ನಿನಗ ಗೊತ್ತಿತ್ತಲ್ಲ ತಂಗಿ, ಯಾಕ ಹೇಳ್ಲಿಲ್ಲ?" ಎಂದರು ಅಣ್ಣ. ನಾನು ಬಾಯಿ ಮುಚ್ಚಿಕೊಂಡದ್ದು ಅವರ ಮರ್ಯಾದೆ ಉಳಿಸಲೆಂದೇ.

ಅಂದಿನಿಂದ ಯಾವುದು ಸರಿ ಎಂದೇ ತಿಳಿಯುತ್ತಿಲ್ಲ. "ಅಪ್ಪಗ ಹೇಳಬ್ಯಾಡ, ಹೆದರತಾರ" ಎಂದು ಅವ್ವ ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳೆ. ಅವಳದು ತಪ್ಪೆಂದೂ ಅನಿಸುವುದಿಲ್ಲ. ನೀವೋ ಮುಂದಿನ ತಿಂಗಳು ಕೇದಾರ ಹತ್ತಲು ಟಿಕೆಟ್ ತೆಗೆಸಿದ್ದೀರಿ.

ದೇವರ ಕೋಣೆಯ ಕಪಾಟಿನಲ್ಲಿ, ಅವ್ವನ ರೇಷ್ಮೆ ಸೀರೆಗಳ ಕೆಳಗೆ ಹಳದಿ ಚೀಲವಿದೆ. ಎಲ್ಲ ಸರಿಯಿದೆ ಎಂದು ಅವ್ವ ನಿಮಗೆ ಹೇಳಿದ ಹೃದಯ ಪರೀಕ್ಷೆಯ ರಿಪೋರ್ಟು ಅದರಲ್ಲಿದೆ. ಓದಿ, ಹೋಗುವುದೋ ಬಿಡುವುದೋ ನೀವೇ ತೀರ್ಮಾನಿಸಿ.

ಓದಿದ ಮೇಲೆ ಸೀರೆಗಳನ್ನು ಮೊದಲಿನಂತೆಯೇ ಮಡಚಿಡಿ.

ನಿಮ್ಮ ಮಗಳು,
ವೈಷ್ಣವಿ