ಕರಾರಿನಲ್ಲಿ ಎರಡನೇ ಹೆಸರು

ಹೊಸ ಮನೆ, ಮೂರನೇ ಮಹಡಿ
ಹದಿನಾಲ್ಕನೇ ತಾರೀಕು, ಭಾನುವಾರ

ಪ್ರೀತಿಯ ಇವಳೇ,

ಹೇಗಿದ್ದೀಯ? ಕ್ಯಾಂಪಿನ ಆಸ್ಪತ್ರೆಯಲ್ಲಿ ನರ್ಸುಗಳಿಗೆ ಕೂರಲು ಕುರ್ಚಿ ಕೊಟ್ಟಿದ್ದಾರೋ, ಅಲ್ಲೂ ಇಡೀ ದಿನ ನಿಂತೇ ಇರಬೇಕೋ? ಕಾಲು ಊದಿದರೆ ಎರಡು ದಿಂಬಿನ ಮೇಲಿಟ್ಟು ಮಲಗು. ರೋಗಿಗಳಿಗೆ ಹೇಳುವ ಬುದ್ಧಿಮಾತನ್ನು ನೀನೂ ಸ್ವಲ್ಪ ಕೇಳು. ಫೋನು ಸಿಗದ ಜಾಗಕ್ಕೆ ನಿನ್ನನ್ನು ಆರು ವಾರ ಅಟ್ಟಿದ ನಿಮ್ಮ ಮೇಟ್ರನ್ನಿಗೆ ನಾನೂ ಮರಿಯೂ ದಿನಕ್ಕೊಂದು ಹೊಸ ಬೈಗುಳ ಹುಡುಕುತ್ತಿದ್ದೇವೆ. ಮರಿ ಆರೋಗ್ಯವಾಗಿದ್ದಾಳೆ. ಮುಂದಿನ ಹಲ್ಲೊಂದು ಬಿದ್ದಿದೆ, ಆ ಸಂದಿಯಿಂದ ಸಿಳ್ಳೆ ಹೊಡೆಯಲು ಕಲಿತಿದ್ದಾಳೆ. ಶಾಲೆಯಲ್ಲಿ ಅಳುವುದನ್ನು ನಿಲ್ಲಿಸಿದ್ದಾಳೆ. ನಾಳೆ ಔಷಧಿ ಗಾಡಿ ನಿನ್ನ ಕಡೆ ಹೊರಡುತ್ತದಂತೆ, ಡ್ರೈವರ್ ಕೈಗೆ ಈ ಕಾಗದ ಕೊಡುತ್ತೇನೆ. ಮೊದಲು ಒಳ್ಳೆಯ ಸುದ್ದಿ ಹೇಳಿಬಿಡುತ್ತೇನೆ: ಮನೆಗೆ ಕರೆಂಟು ಬಂದಿದೆ, ನೀರೂ ಬಂದಿದೆ. ಅವು ಬಂದ ಬಗೆಯನ್ನು ಬರೆಯಲು ಕೂತವನು ಪೆನ್ನನ್ನು ಮೂರು ಸಲ ಕೆಳಗಿಟ್ಟೆ. ಆದರೂ ಬರೆಯುತ್ತೇನೆ. ಎದುರಿಗಿದ್ದಿದ್ದರೆ ಮುಖ ದಪ್ಪ ಮಾಡಿಕೊಂಡು ಎರಡು ದಿನ ಮಾತು ಬಿಟ್ಟಿರುತ್ತಿದ್ದೆ, ನಿನಗೆ ಗೊತ್ತೇ ಇದೆ.

ಆವತ್ತು ಮೆಟ್ಟಿಲ ಬಳಿ ಬೀಗದ ಕೈ ಕೊಡುತ್ತಾ, "ನೀರು-ಕರೆಂಟಿನ ಆಫೀಸಿಗೆ ಹೋಗಿ ಬಾಡಿಗೆ ಕರಾರು ತೋರಿಸಿದ್ರೆ ಆಯ್ತು, ಅರ್ಧ ಗಂಟೆ ಕೆಲಸ" ಅಂದು ಗಾಡಿ ಹತ್ತಿದೆಯಲ್ಲ, ಆ ಅರ್ಧ ಗಂಟೆ ಎಂಟು ದಿನ ನಡೆಯಿತು. ಅಷ್ಟೂ ದಿನ ಕೆಳಗಿನ ಕಾವಲುಗಾರನ ನಲ್ಲಿಯಿಂದ ಎರಡು ಪೇಂಟಿನ ಡಬ್ಬಿಗಳಲ್ಲಿ ನೀರು ಹೊತ್ತೆ. ನಿನ್ನ ಮಗಳು ಪ್ರತಿ ಮಹಡಿಯಲ್ಲೂ ನಿಂತು, ಎಷ್ಟು ಚೆಲ್ಲಿದೆ ಎಂದು ಎಣಿಸುತ್ತಿದ್ದಳು. ಆಫೀಸಿನಲ್ಲಿ ಚೀಟಿ ಹಿಡಿದು ಎರಡು ಗಂಟೆ ಕೂತ ಮೇಲೆ ನನ್ನ ಸರದಿ ಬಂತು. ಕನ್ನಡಕಕ್ಕೆ ಸರಪಳಿ ಕಟ್ಟಿಕೊಂಡಿದ್ದ ಹೆಂಗಸು ಕರಾರು ನೋಡಿದಳು, ನನ್ನ ಕಾರ್ಡು ನೋಡಿದಳು, ನನ್ನನ್ನೂ ನೋಡಿದಳು.

"ಇದ್ರಲ್ಲಿ ನಿಮ್ಮ ಹೆಸರೇ ಇಲ್ವಲ್ಲ" ಅಂದಳು, ನನಗೆ ತಿಳಿಯುವಂತೆ ತನ್ನ ಭಾಷೆಯಲ್ಲಿ ನಿಧಾನವಾಗಿ.

"ನಾನು ಅವಳ ಗಂಡ."

"ಇರಬಹುದು. ಅವ್ರೇ ಬರಬೇಕು. ಇಲ್ಲಾಂದ್ರೆ ಈ ಎರಡು ಕಾಗದಕ್ಕೆ ಎರಡನೇ ಹೆಸರಿನೋರ ಸಹಿ ಹಾಕಿಸ್ಕೊಂಡು ಬನ್ನಿ."

ನನಗೆ ಎರಡನೇ ಹೆಸರು ಅಂದರೇನು ಎಂದೇ ಗೊತ್ತಿರಲಿಲ್ಲ. ಅವಳು ಕಾಗದ ತಿರುಗಿಸಿ, ನಿನ್ನ ಹೆಸರಿನ ಕೆಳಗಿನ ಸಾಲಿನ ಮೇಲೆ ಉಗುರಿಟ್ಟು ತೋರಿಸಿದಳು. ಒಬ್ಬ ಗಂಡಸಿನ ಹೆಸರು. ಪಕ್ಕದಲ್ಲಿ ನಿಮ್ಮ ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಅಂತ ಬರೆದಿತ್ತು. ಅಕ್ಷರ ನಿನ್ನದೇ, ಆ ಗುಂಡು ಗುಂಡು ಅಕ್ಷರ. ನಾಲ್ಕು ತಿಂಗಳ ಹಿಂದೆ, ಮನೆ ಖಾಲಿಯಾಗುವ ಮೊದಲೇ, ನೀನು ಕರಾರು ಮಾಡುವಾಗ ನನಗಿನ್ನೂ ಈ ದೇಶದಲ್ಲಿ ಇರಲು ಬೇಕಾದ ಕಾರ್ಡು ಸಿಕ್ಕಿರಲಿಲ್ಲ, ಇಲ್ಲೇ ಇರುವ ಯಾರದಾದರೂ ಹೆಸರು ಬೇಕೇ ಬೇಕಿತ್ತು. ಅಷ್ಟು ಬುದ್ಧಿ ನನಗಿದೆ. ಆದರೆ ಬುದ್ಧಿ ಇರುವುದು ತಲೆಯಲ್ಲಿ. ಉರಿ ಹತ್ತಿದ್ದು ಹೊಟ್ಟೆಗೆ. ನನ್ನ ಹೆಂಡತಿಯ ಮನೆಯ ನಲ್ಲಿಯಲ್ಲಿ ನೀರು ಬರಬೇಕಾದರೆ ಇನ್ನೊಬ್ಬ ಗಂಡಸನ್ನು ಹೋಗಿ ಕೇಳಿಕೊಳ್ಳಬೇಕು.

ಆಸ್ಪತ್ರೆಯ ನೆಲಮಾಳಿಗೆಗೆ ಇಳಿಯುವಾಗ ನನ್ನ ಮನಸ್ಸಿನಲ್ಲಿ ಒಬ್ಬ ಮುದುಕನನ್ನು ಸಿದ್ಧ ಮಾಡಿಕೊಂಡಿದ್ದೆ. ಬೆನ್ನು ಬಾಗಿದವನು, ಕೆಮ್ಮುವವನು, ನಿನ್ನನ್ನು ಮಗಳೇ ಎನ್ನುವವನು. ಸಿಕ್ಕವನು ನನಗಿಂತ ಎರಡು ವರ್ಷ ಚಿಕ್ಕವನು, ನನಗಿಂತ ಒಂದು ಗೇಣು ಎತ್ತರ, ತಲೆ ತುಂಬ ಕೂದಲು. ಎಲ್ಲಕ್ಕಿಂತ ಹೆಚ್ಚಾಗಿ, ಬಾಯಿ ಬಿಟ್ಟರೆ ನಮ್ಮ ಮಾತು. "ಬನ್ನಿ ಬನ್ನಿ, ನೀವು ಊರಿಗೆ ಬರ್ತೀರ ಅಂತ ಹೋಗೋ ಮುಂಚೆ ಸಿಸ್ಟರ್ ಹೇಳಿದ್ರು" ಅಂದ. ಎರಡು ವರ್ಷ ಫೋನಿನಲ್ಲಿ ನನ್ನ ಹತ್ತಿರ, "ಇಲ್ಲಿ ಬಾಯಿ ತುಂಬ ಮಾತಾಡೋಕೆ ಒಂದು ಜನ ಇಲ್ಲ" ಎಂದು ಅಳುತ್ತಿದ್ದವಳು ನೀನು. ಅವನು ನನಗೆ ಟೀ ತರಿಸಿದ, ತನಗೆ ತರಿಸಿಕೊಳ್ಳಲಿಲ್ಲ. "ಸಂಜೆ ಐದರ ಮೇಲೆ ಟೀ ಕುಡೀಬಾರ್ದು ಅಂತ ಸಿಸ್ಟರ್ ಬಿಡಿಸಿಬಿಟ್ಟಿದ್ದಾರೆ" ಅಂದ. ನಾನು ಹಟಕ್ಕೆ ಎರಡನೇ ಲೋಟವನ್ನೂ ಕುಡಿದೆ.

ಆಮೇಲೆ ಅವನ ಅಂಗಿ ನೋಡಿದೆ. ಇಪ್ಪತ್ತು ವರ್ಷ ಟೈಲರ್ ಆಗಿದ್ದವನ ಕಣ್ಣು ಮುಖಕ್ಕಿಂತ ಮೊದಲು ಅಂಗಿಗೇ ಹೋಗುತ್ತದೆ. ಎಲ್ಲ ಗುಂಡಿಗಳೂ ಕಾರ್ಖಾನೆಯವು, ಮೇಲಿನಿಂದ ಮೂರನೆಯದನ್ನು ಮಾತ್ರ ಕೈಯಲ್ಲಿ ಹಾಕಿತ್ತು. ದಾರವನ್ನು ಅಡ್ಡಡ್ಡ ದಾಟಿಸದೆ ಎರಡು ಸಾಲಾಗಿ ಎಳೆದು, ಬುಡಕ್ಕೆ ಮೂರು ಸುತ್ತು ಸುತ್ತಿ, ಗಂಟು ಒಳಗೆ ಅಡಗಿಸಿದ ಹೊಲಿಗೆ. ಮದುವೆಯಾದ ಹೊಸತರಲ್ಲಿ ಅಂಗಡಿಯ ಬಾಗಿಲು ಎಳೆದುಕೊಂಡು ನಾನು ನಿನಗೆ ಕಲಿಸಿದ ಹೊಲಿಗೆ ಅದು. ಅವನು ಎರಡು ಕಾಗದಕ್ಕೂ ಸಹಿ ಹಾಕಿಕೊಟ್ಟ. "ನಾಳೆ ನಾನೇ ಬಂದು ಎಲ್ಲಾ ನೋಡಿ ಹಾಕಿಕೊಡ್ತೀನಿ, ಆ ಕಟ್ಟಡದ ಪೈಪುಗಳು ಸ್ವಲ್ಪ ತರಲೆ" ಅಂದ. "ಬೇಡ, ನನಗೆ ಬರುತ್ತೆ" ಅಂದೆ. ನನಗೆ ಏನು ಬರುತ್ತದೆ ಎಂದು ನಿನಗೆ ಗೊತ್ತಿದೆ. ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡಲು ಬರುತ್ತದೆ.

ಕರೆಂಟು ಮರುದಿನವೇ ಬಂತು. ಮರಿ ಎಲ್ಲ ಸ್ವಿಚ್ಚುಗಳನ್ನೂ ಒತ್ತಿ ಒತ್ತಿ ಮನೆಯನ್ನು ಮದುವೆ ಮನೆ ಮಾಡಿದಳು. ನೀರು ಮಾತ್ರ ಬರಲಿಲ್ಲ. ನಾಲ್ಕು ದಿನ ನಲ್ಲಿಗಳ ಮುಂದೆ ನಿಂತು ಕಾದೆ. ಆಫೀಸಿನವರು ತಾವು ಬಿಟ್ಟಾಯಿತು ಅಂದರು. ಹೊರಗಿನ ಗೋಡೆಯ ಕಪಾಟಿನಲ್ಲಿ ಮೂರು ಮನೆಯ ಮೀಟರುಗಳೂ, ನೀರು ಬಿಡುವ, ಹೆಸರಿಲ್ಲದ ಮೂರು ಚಕ್ರಗಳೂ ಇವೆ. ಆ ಎಲೆಕ್ಟ್ರಿಷಿಯನ್‌ಗೆ ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಮಾಡಲಿಲ್ಲ. ಗುರುವಾರ ಮರಿಯನ್ನು ಶಾಲೆಯಿಂದ ಕರೆತರಲು ಹೊರಟವನು, ಹೋಗುವಾಗ ಸಿಟ್ಟಿನಿಂದ ನಡುವಿನ ಚಕ್ರವನ್ನು ತಿರುಗುವಷ್ಟೂ ತಿರುಗಿಸಿ ಹೋದೆ. ಅದು ನಮ್ಮದೇ ಆಗಿತ್ತು. ಮೊದಲಿದ್ದವರು ಬಟ್ಟೆ ಒಗೆಯುವ ಯಂತ್ರ ಕಳಚಿಕೊಂಡು ಹೋಗುವಾಗ ಅದರ ನಲ್ಲಿಯನ್ನು ಮುಚ್ಚಿರಲಿಲ್ಲ.

ನಾವು ವಾಪಸು ಬರುವಾಗ ಕೆಳಗಿನ ಮನೆಯ ಅಜ್ಜಿ ಮೆಟ್ಟಿಲ ಮೇಲೆ ಕೊಡೆ ಹಿಡಿದು ನಿಂತಿದ್ದರು. ಬಿಸಿಲಿತ್ತು. ಮರಿಯ ಕೈ ಬಿಟ್ಟು ಓಡಿದೆ. ಅವರ ಅಡುಗೆ ಮನೆಯ ಸೂರಿನಿಂದ ನೀರು ಸುರಿಯುತ್ತಿತ್ತು. ನಮ್ಮ ಮನೆಯಲ್ಲಿ ಪಾದ ಮುಳುಗುವಷ್ಟು ನೀರು, ಅದರ ಮೇಲೆ ನಿನ್ನ ಚಪ್ಪಲಿಗಳು ತೇಲುತ್ತಿದ್ದವು. ಚಕ್ರ ಮುಚ್ಚಿ ಬರುವಷ್ಟರಲ್ಲಿ ಮೇನ್ ಸ್ವಿಚ್ಚು ಟಪ್ಪೆಂದು ಬಿತ್ತು. ಅಜ್ಜಿಯ ಮನೆಯ ಕರೆಂಟೂ ಹೋಯಿತು. ಅವರು ಬೈಯಲಿಲ್ಲ, "ನನ್ನ ಫ್ರಿಜ್ಜಿನಲ್ಲಿ ಇನ್ಸುಲಿನ್ ಇದೆ ಕಣಪ್ಪ, ಕೆಡುತ್ತೆ" ಅಂದರು. ನನ್ನ ಜಂಬಕ್ಕೆ ಇನ್ನೊಬ್ಬರ ಔಷಧಿ ಕೆಡಬಾರದು ಅನ್ನಿಸಿತು. ಫೋನು ಮಾಡಿದೆ.

ಅವನು ಹದಿನೈದು ನಿಮಿಷದಲ್ಲಿ ಬಂದ. ನೋಡಿದ ಕೂಡಲೇ ಏನಾಗಿದೆ ಎಂದು ಗೊತ್ತಾಗಿರಬೇಕು, ಆದರೆ ನಗಲಿಲ್ಲ. ಮೊದಲು ಅಜ್ಜಿಯ ಮನೆಗೆ ಹೋಗಿ ಒದ್ದೆಯಾದ ದೀಪದ ತಂತಿ ಬಿಡಿಸಿ, ಫ್ರಿಜ್ಜಿಗೆ ಕರೆಂಟು ಬರುವಂತೆ ಮಾಡಿದ. ಆಮೇಲೆ ಮೇಲೆ ಬಂದು, ನಲ್ಲಿಗೆ ಮುಚ್ಚಳ ಹಾಕಿ, ಪ್ಯಾಂಟು ಮಡಿಸಿಕೊಂಡು ನನ್ನ ಜೊತೆ ನೀರು ಬಳಿಯಲು ಕೂತ. ಮರಿ ಅವನಿಗೆ ಟಾರ್ಚು ಹಿಡಿದಳು. ಆಗಲೇ ಅವನನ್ನು ಮೀಟರ್ ಮಾಮ ಮಾಡಿಕೊಂಡಿದ್ದಳು, ಅದಕ್ಕೂ ನನಗೆ ಉರಿಯಿತು. ಎರಡು ಗಂಟೆ ಬಟ್ಟೆ ಹಿಂಡಿದೆವು. ಒಬ್ಬರ ಎದುರಿಗೊಬ್ಬರು ಮೊಣಕಾಲೂರಿ ಕೂತಾಗ ಆ ಮೂರನೇ ಗುಂಡಿ ನನ್ನ ಕಣ್ಣ ಮುಂದೆಯೇ ಇತ್ತು.

"ಗುಂಡಿ ಯಾರು ಹಾಕಿದ್ದು?" ಅಂದೆ.

ಅವನು ಎದೆ ನೋಡಿಕೊಂಡ. "ಸಿಸ್ಟರ್ ಹಾಕಿಕೊಟ್ರು. ವಾರ್ಡಿನ ಏಣಿಗೆ ಸಿಕ್ಕಿ ಕಿತ್ತುಬಂದಿತ್ತು." ಬಟ್ಟೆ ಹಿಂಡಿದ, ಮರಿ ಅಡುಗೆ ಮನೆಗೆ ಹೋಗುವವರೆಗೆ ಕಾದ. "ನಿಮ್ಮ ಹತ್ರ ಮುಚ್ಚಿಡಲ್ಲ" ಅಂದ. "ಅವ್ರು ಬಂದ ಹೊಸದ್ರಲ್ಲಿ, ಮದುವೆ ಆಗಿದೆ ಅಂತ ನಂಗೆ ಗೊತ್ತಿರ್ಲಿಲ್ಲ. ಒಂದು ಸಲ ಕೇಳ್ಬಿಟ್ಟೆ. ಅವ್ರು ನಕ್ಕು, ನಿಮ್ಮ ಫೋಟೋ ತೋರಿಸಿದ್ರು. ಅಂಗಡಿ ಮುಂದೆ ಟೇಪು ಕುತ್ತಿಗೆಗೆ ಹಾಕ್ಕೊಂಡು ನಿಂತಿದ್ದೀರಲ್ಲ, ಅದು. ಆಮೇಲೆ ನಾನು ಆ ಮಾತು ಎತ್ತಿಲ್ಲ. ಕರಾರಿಗೆ ಹೆಸರು ಬೇಕು ಅಂದಾಗ ಇಲ್ಲ ಅನ್ನೋಕೆ ಮನಸ್ಸು ಬರ್ಲಿಲ್ಲ."

ನಾನು ನೆಲ ಒರೆಸಿದೆ. ಒಣಗಿದ್ದ ಜಾಗವನ್ನೇ ಮತ್ತೆ ಒರೆಸಿದೆ. ಅವನು ಹೊರಡುವಾಗ, ತಟ್ಟೆ ಇಡುತ್ತೇನೆ ಊಟ ಮಾಡಿಕೊಂಡು ಹೋಗಿ ಅಂದೆ. ಬಾಯಿ ಹೇಗೆ ಹೇಳಿತೋ ಗೊತ್ತಿಲ್ಲ. ಅವನು ಬೇಡವೆಂದು ಕೈ ಮುಗಿದು ಹೋದ. ಬೇಡವೆಂದದ್ದಕ್ಕೆ ಸಮಾಧಾನವೂ ಆಯಿತು.

ಇವಳೇ, ಅವನು ಕೆಟ್ಟವನಾಗಿದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು, ಬೈದುಕೊಂಡು ಹಾಯಾಗಿರುತ್ತಿದ್ದೆ. ಈ ಮೂರು ದಿನದಿಂದ ಯೋಚಿಸುತ್ತಿದ್ದೇನೆ. ನೀನು ಇಲ್ಲಿ ಎರಡು ವರ್ಷ ಒಬ್ಬಳೇ ಹೊಸ ಭಾಷೆ ಕಲಿತೆ, ಹೊಸ ಬಸ್ಸುಗಳನ್ನು ಕಲಿತೆ, ಮನೆ ಹುಡುಕಿದೆ, ಯಾರದೋ ಅಂಗಿಗೆ ಗುಂಡಿ ಹಾಕಿದೆ, ಯಾರದೋ ಟೀ ಬಿಡಿಸಿದೆ. ಅದರಲ್ಲಿ ಯಾವುದರಲ್ಲೂ ನಾನಿಲ್ಲ. ನಾನು ಅಂಗಡಿ ಮುಚ್ಚಿ, ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ತಂದು, ನೀನು ಕಟ್ಟಿ ಮುಗಿಸಿದ ಬದುಕಿನ ಬಾಗಿಲಲ್ಲಿ ಚೀಟಿ ಹಿಡಿದು ಕೂತಿದ್ದೇನೆ. ಆ ಎರಡು ವರ್ಷವನ್ನು ಅವನು ನೋಡಿದ್ದಾನೆ, ನಾನು ನೋಡಿಲ್ಲ. ಹೊಟ್ಟೆಕಿಚ್ಚು ಅಂದರೆ ಅದೇ. ಬರೆದು ಮುಗಿಸುವಾಗಲೂ ಆರಿಲ್ಲ.

ಉಳಿದಂತೆ ಎಲ್ಲ ಕ್ಷೇಮ. ಅಜ್ಜಿಯ ಪರದೆಗಳು ಹಾಳಾಗಿದ್ದವು, ಹೊಸದಾಗಿ ಹೊಲಿದುಕೊಡುತ್ತಿದ್ದೇನೆ. ಅವರ ಹಳೆಯ ಕೈಯಂತ್ರವನ್ನು ಬಳಸಲು ಬಿಟ್ಟಿದ್ದಾರೆ. ನೋಡಿದ ಎದುರು ಮನೆಯವರು ಎರಡು ಪ್ಯಾಂಟು ಕೊಟ್ಟು ಹೋಗಿದ್ದಾರೆ. ಮರಿ ನಿನಗೆ ಹನ್ನೆರಡು ಮುತ್ತು ಬರೆಯಲು ಹೇಳಿದ್ದಾಳೆ, ಎಣಿಸಿಕೊಂಡು ತೆಗೆದುಕೊ. ಹೊತ್ತಿಗೆ ಸರಿಯಾಗಿ ಊಟ ಮಾಡು, ಬೇಗ ಬಾ.

ನಿನ್ನ
ಟೈಲರ್

ಮರೆತಿದ್ದೆ: ಎರಡನೇ ಹೆಸರು ಬದಲಾಯಿಸುವ ಫಾರಂ ಇದರ ಜೊತೆ ಇಟ್ಟಿದ್ದೇನೆ, ನಿನ್ನ ಸಹಿ ಬೇಕಂತೆ. ನನ್ನ ಹೆಸರನ್ನು ನಾನೇ ತುಂಬಬಹುದಿತ್ತು, ಪೆನ್ನು ತೆಗೆದೂ ಇದ್ದೆ. ಖಾಲಿ ಬಿಟ್ಟಿದ್ದೇನೆ, ನೀನೇ ಬರೆ. ಇನ್ನೊಂದು. ಅವನು ಕೇಳಿದಾಗ ನಕ್ಕೆಯಂತಲ್ಲ, ನಗುವ ಮುಂಚೆ ಒಂದು ಗಳಿಗೆಯಾದರೂ ಸುಮ್ಮನಿದ್ದೆಯಾ? ಇದ್ದಿದ್ದರೆ ಹಾಗಂತಲೇ ಬರೆ. ನನಗೆ ಅದು ಗೊತ್ತಾಗಬೇಕು, ಗೊತ್ತಾದ ಮೇಲೂ ನೀನು ಬಂದಿಳಿಯುವ ದಿನ ಸ್ಟೇಷನ್ನಿಗೆ ನಾನೇ ಬರುತ್ತೇನೆ.