ಮುಸಿ ನದಿ ದಡದ ಮಾತು

ಪಾಲೆಂಬಾಂಗ್, ಭಾನುವಾರ

ಪ್ರೀತಿಯ ಅಮ್ಮಾ,

ನಾನು ಕ್ಷೇಮ. ಜಾವಾದಿಂದ ಬಂದವಳನ್ನು ಇಲ್ಲಿನವರು ವಾರ್ಡಿನ ಮುಖ್ಯಸ್ಥೆ ಎಂದು ಒಪ್ಪುತ್ತಾರೋ ಇಲ್ಲವೋ ಎಂದು ನಾನು ಅಳುಕುತ್ತಿದ್ದೆನಲ್ಲ? ಮೊನ್ನೆ ಕಚೇರಿಯ ಹೊರಗೆ ರೊಗಾಯಾ ಎಂಬ ಹಿರಿಯ ಹೆಂಗಸು ನಮ್ಮ ಗುಮಾಸ್ತನನ್ನು, "ನಿಮ್ಮ ಮೇಡಂ ಗಲಾಕ್ ಏನಪ್ಪಾ?" ಎಂದು ಕೇಳುವುದು ಕಿವಿಗೆ ಬಿತ್ತು. ನಮ್ಮ ಕಡೆ ಗಲಾಕ್ ಎಂದರೆ ಸಿಡುಕಿ ತಾನೆ? ತಡೆಯಲಾರದೆ ಹೊರಗೆ ಹೋಗಿ, "ನಾನು ಯಾರ ಮೇಲೆ ರೇಗಿದ್ದೇನಮ್ಮಾ?" ಎಂದೆ.

ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ಮಗಳೇ, ನಮ್ಮ ಮಾತಲ್ಲಿ ಗಲಾಕ್ ಅಂದ್ರೆ ಮನಸ್ಸಿದೆ ಅಂತ! ನಮ್ಮ ಮುರ್ಸಿದ್‌ನ ಮದುವೆ ಆಗೋಕೆ ನಿಂಗೆ ಮನಸ್ಸಿದೆಯಾ ಅಂತ ಕೇಳ್ದೆ ಕಣೇ."

ಮುರ್ಸಿದ್ ಆಕೆಯ ಮಗ, ನದಿಯಾಚೆಯ ವಾರ್ಡಿನವರು, ಸಂಜೆ ನನಗೆ ಇಲ್ಲಿನ ಮಾತು ಕಲಿಸುವ ಮೇಷ್ಟ್ರು. ಬೈಗುಳವನ್ನೂ ಬಿಡದೆ ಕಲಿಸಿದವರು ಈ ಒಂದು ಪದ ಮಾತ್ರ ಬಚ್ಚಿಟ್ಟಿದ್ದರು! ನನ್ನ ಮುಖ ಕೆಂಪಾದದ್ದು ನೋಡಿ ಗುಮಾಸ್ತನೇ ಎಲ್ಲರಿಗೂ ಚಹಾ ತರಿಸಿದ.

ಅಮ್ಮಾ, ಮದುವೆಗೆ ಹುಡುಗಿಯ ವಾರ್ಡಿನ ಒಪ್ಪಿಗೆ ಪತ್ರ ಬೇಕು. ಅದಕ್ಕೆ ಸಹಿ ಹಾಕಬೇಕಾದ ಅಧಿಕಾರಿ ನಾನೇ. ಆ ಕೆಲಸ ಆಯಿತೆಂದೇ ತಿಳಿ. ಅಪ್ಪನನ್ನು ಒಪ್ಪಿಸುವುದು ಮಾತ್ರ ನಿನಗೆ ಬಿಟ್ಟಿದ್ದು.

ಉತ್ತರಕ್ಕೆ ಕಾಯುತ್ತಿರುವ,
ನಿನ್ನ ವೆನಿಂಗ್